ಗೇರ್‌ಬಾಕ್ಸ್‌ಗೆ ಜ್ವರ ಬಂದಾಗ

ಕಳೆದ ಮಳೆಗಾಲದಲ್ಲಿ ನಾವು ನಾಲ್ಕು ಜನ ಸಕಲೇಶಪುರದ ಹತ್ತಿರ ಗೆಳೆಯನ ಚಿಕ್ಕಪ್ಪನ ಕಾಫಿ ತೋಟಕ್ಕೆ ಹೋಗಿದ್ವಿ. ಅವರ ಹತ್ರ ಒಂದು ಫೋರ್ ವೀಲ್ ಡ್ರೈವ್ ಗಾಡಿ ಇದೆ, ಆಟೋಮ್ಯಾಟಿಕ್. ಗೊಬ್ಬರದ ಮೂಟೆ ತುಂಬಿದ ಟ್ರೇಲರ್ ಎಳ್ಕೊಂಡು ಕೆಸರಿನ ಏರು ಹತ್ತುವಾಗ ಗೇರ್‌ಬಾಕ್ಸ್ ಬಿಸಿಯಾಗಿದೆ ಅನ್ನೋ ಲೈಟ್ ಹೊತ್ತಿಕೊಳ್ತು. ಆದ್ರೆ ಇಂಜಿನ್ ಟೆಂಪರೇಚರ್ ಮುಳ್ಳು ಮಾತ್ರ ನಡುವಲ್ಲೇ ಆರಾಮಾಗಿ ನಿಂತಿತ್ತು.

"ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಹೇಳ್ರಪ್ಪ, ಇದ್ಯಾಕೆ ಹಿಂಗೆ?" ಅಂದ್ರು ಚಿಕ್ಕಪ್ಪ. ಥರ್ಮೋಡೈನಾಮಿಕ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡಿದ್ದ ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಗೇರ್‌ಬಾಕ್ಸ್ ಸುಟ್ಟು ಹೋದ್ರೆ ರಿಪೇರಿಗೆ ಲಕ್ಷದ ಮೇಲೆ ಆಗುತ್ತೆ ಅಂತ ಮೆಕ್ಯಾನಿಕ್ ಮೊದಲೇ ಹೆದರಿಸಿದ್ದರು. ಆಮೇಲೆ ಓದಿ, ಕೇಳಿ, ಒಂದು ತಪ್ಪೂ ಮಾಡಿ ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

ಬಿಸಿ ಎಲ್ಲಿಂದ ಬರುತ್ತೆ?

ಮಿಕ್ಸಿಯಲ್ಲಿ ದೋಸೆ ಹಿಟ್ಟು ರುಬ್ಬಿದಾಗ ಜಾರ್ ಬೆಚ್ಚಗಾಗೋದನ್ನ ಎಲ್ಲರೂ ನೋಡಿರ್ತೀವಿ. ಗೇರ್‌ಬಾಕ್ಸ್‌ನಲ್ಲಿ ಆಗೋದೂ ಹೆಚ್ಚುಕಮ್ಮಿ ಅದೇ. ಸಾಮಾನ್ಯ ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಪೆಡಲ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತೆ. ಅದರೊಳಗೆ ಎದುರುಬದುರು ಎರಡು ಚಕ್ರ, ಮಧ್ಯೆ ಆಯಿಲ್. ಇಂಜಿನ್ ಒಂದನ್ನ ತಿರುಗಿಸಿದರೆ ಅದು ಆಯಿಲನ್ನ ತಳ್ಳಿ ಇನ್ನೊಂದನ್ನ ತಿರುಗಿಸುತ್ತೆ. ಹೈವೇಯಲ್ಲಿ ಲಾಕ್‌ಅಪ್ ಕ್ಲಚ್ ಎರಡನ್ನೂ ಒಂದಕ್ಕೊಂದು ಬಿಗಿದುಬಿಡುತ್ತೆ, ಆಗ ಜಾರುವಿಕೆ ಇರಲ್ಲ. ಆದರೆ ಕಡಿಮೆ ಸ್ಪೀಡಲ್ಲಿ ಏರು ಹತ್ತುವಾಗ ಲಾಕ್ ಆಗಲ್ಲ. ಇಂಜಿನ್ ಜೋರಾಗಿ ತಿರುಗುತ್ತೆ, ಚಕ್ರ ಅಷ್ಟು ತಿರುಗಲ್ಲ, ವ್ಯತ್ಯಾಸವೆಲ್ಲ ಆಯಿಲ್ ಕಡೆಯೋದಕ್ಕೆ ಹೋಗಿ ಶಾಖ ಆಗುತ್ತೆ.

ಎಷ್ಟು ಶಾಖ? ಒಂದು ಲೆಕ್ಕ ಹಾಕೋಣ. ಗೇರ್‌ಬಾಕ್ಸ್‌ನಲ್ಲಿ 8 ಲೀಟರ್ ಆಯಿಲ್ ಇದೆ ಅಂತ ಇಟ್ಕೊಳ್ಳಿ, ತೂಕ ಸುಮಾರು 7 ಕೆಜಿ. 1 ಕೆಜಿ ಆಯಿಲ್ 1 ಡಿಗ್ರಿ ಏರೋಕೆ ಸುಮಾರು 2 ಕಿಲೋಜೂಲ್ ಬೇಕು, ಅಂದ್ರೆ ಒಟ್ಟು 14 ಕಿಲೋಜೂಲ್. ಏರಿನಲ್ಲಿ 10 ಕಿಲೋವ್ಯಾಟ್ ಹೀಗೆ ಪೋಲಾದರೆ, ಅದು ಮನೆಯ 2 ಕಿಲೋವ್ಯಾಟ್ ಗೀಸರ್ ಐದು ಒಟ್ಟಿಗೆ ಹಾಕಿದಂಗೆ. ಆಯಿಲ್ ತಣ್ಣಗಾಗೋಕೆ ದಾರಿಯೇ ಇಲ್ಲದಿದ್ದರೆ ಒಂದೇ ನಿಮಿಷದಲ್ಲಿ 40 ಡಿಗ್ರಿ ಏರಿಬಿಡುತ್ತೆ!

ಆಯಿಲ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಒಳಗಿದ್ದರೆ ಆರಾಮು. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯಸ್ಸು ಅರ್ಧ ಆಗುತ್ತೆ ಅನ್ನೋದು ಈ ಕೆಲಸದವರ ಅಂದಾಜು ಲೆಕ್ಕ. ಸೀಲುಗಳು ಗಟ್ಟಿಯಾಗುತ್ತವೆ, ಕ್ಲಚ್ ಪ್ಲೇಟ್ ಸುಡುತ್ತೆ, ಕೆಂಪು ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತೆ.

ಕಂಪನಿ ಕೊಟ್ಟ ಕೂಲರ್ ಸಾಲದಾ?

ಬಹಳಷ್ಟು ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ರೇಡಿಯೇಟರ್‌ನ ಟ್ಯಾಂಕ್ ಒಳಗಿರೋ ಒಂದು ಸಣ್ಣ ಕೂಲರ್ ಮೂಲಕ ಹಾದು ವಾಪಸ್ ಬರುತ್ತೆ. ಇದು ಬೆಳಿಗ್ಗೆ ತಣ್ಣಗಿರೋ ಆಯಿಲನ್ನ ಬೇಗ ಬೆಚ್ಚಗೂ ಮಾಡುತ್ತೆ. ಆದ್ರೆ ರೇಡಿಯೇಟರ್ ನೀರೇ 85 ಡಿಗ್ರಿ ಇದ್ದರೆ ಆಯಿಲ್ ಅದಕ್ಕಿಂತ ತಣ್ಣಗಾಗೋಕೆ ಸಾಧ್ಯ ಇಲ್ಲ. ಜೊತೆಗೆ ಇಂಜಿನ್ ಮುಳ್ಳು ನೀರಿನ ಬಿಸಿ ತೋರಿಸುತ್ತೆ, ಗೇರ್‌ಬಾಕ್ಸ್‌ದಲ್ಲ. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇದೇ.

ಮೊದಲು ಅಳೆದ್ವಿ

ನಾವು ಮೊದಲ ದಿನವೇ ಕೂಲರ್ ಕೊಳ್ಳೋಣ ಅಂದ್ವಿ. ಚಿಕ್ಕಪ್ಪ ಬೇಡ ಅಂದ್ರು, ಅದು ಒಳ್ಳೇದೇ ಆಯ್ತು. ಓಬಿಡಿ ಸ್ಕ್ಯಾನರ್ ಹಾಕಿ ನೋಡಿದ್ರೆ ಅದೇ ಏರಲ್ಲಿ ಆಯಿಲ್ 124 ಡಿಗ್ರಿ. ಚಿಕ್ಕಪ್ಪ ಯಾವಾಗಲೂ ಫೋರ್ ಹೈನಲ್ಲೇ ಹತ್ತುತ್ತಿದ್ದರು. ಫೋರ್ ಲೋ ಹಾಕಿದ್ರೆ ಗೇರ್ ಅನುಪಾತವೇ ಹೆಚ್ಚಿನ ಬಲ ಕೊಡುತ್ತೆ, ಕನ್ವರ್ಟರ್ ಅಷ್ಟು ಜಾರಲ್ಲ. ಹಾಗೆ ಹತ್ತಿದಾಗ 108ಕ್ಕೆ ಇಳೀತು, ಒಂದು ರೂಪಾಯಿ ಖರ್ಚಿಲ್ಲದೆ! ಕಪ್ಪಾಗಿದ್ದ ಆಯಿಲನ್ನ ಮ್ಯಾನ್ಯುವಲ್‌ನಲ್ಲಿ ಹೇಳಿದ ಗ್ರೇಡ್‌ನದೇ ಹಾಕಿ ಬದಲಾಯಿಸಿದ್ವಿ. ಟ್ರೇಲರ್ ಅಂತೂ ಎಳೀಲೇಬೇಕಲ್ಲ, ಆದ್ದರಿಂದ ಕೂಲರ್ ಬೇಕೇ ಬೇಕಿತ್ತು.

ಕೂಲರ್ ಹಾಕಿದ್ದು, ತಪ್ಪಿದ್ದು

ಕೂಲರ್‌ಗಳಲ್ಲಿ ಕೊಳವೆಗೆ ರೆಕ್ಕೆ ಸುತ್ತಿದ ಹಳೇ ಥರದ್ದು ಅಗ್ಗ. ಪ್ಲೇಟ್‌ಗಳನ್ನ ಒಂದರ ಮೇಲೊಂದು ಜೋಡಿಸಿದ್ದು ಅಷ್ಟೇ ಜಾಗದಲ್ಲಿ ಹೆಚ್ಚು ಶಾಖ ತೆಗೆಯುತ್ತೆ. ನಾವು ಎರಡನೇದು ತಂದ್ವಿ. ಎಸಿ ಕಂಡೆನ್ಸರ್ ಮುಂದೆ ಸ್ವಲ್ಪ ಗ್ಯಾಪ್ ಬಿಟ್ಟು ಕಬ್ಬಿಣದ ಪಟ್ಟಿಗೆ ಬೋಲ್ಟ್ ಮಾಡಿದ್ವಿ. ರೇಡಿಯೇಟರ್ ರೆಕ್ಕೆಗಳ ಮೂಲಕ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟೋದು ಸುಲಭ, ಆದ್ರೆ ಅಲುಗಾಟಕ್ಕೆ ಉಜ್ಜಿ ತೂತಾಗುತ್ತೆ. ತೋಟದಲ್ಲಿ ಗಾಡಿ ನಿಧಾನ ಹೋಗೋದ್ರಿಂದ ಗಾಳಿ ತಾನಾಗೇ ನುಗ್ಗಲ್ಲ, ಅದಕ್ಕೆ ಚಿಕ್ಕ ಎಲೆಕ್ಟ್ರಿಕ್ ಫ್ಯಾನ್ ಕೂಡ ಹಾಕಿದ್ವಿ. ಪೈಪು ಗೇರ್‌ಬಾಕ್ಸ್ ಆಯಿಲ್‌ಗೇ ಮಾಡಿದ್ದಾಗಿರಬೇಕು, ಸಿಕ್ಕಿದ ರಬ್ಬರ್ ಪೈಪ್ ಬಿಸಿಗೆ ಮೆತ್ತಗಾಗುತ್ತೆ.

ಇಷ್ಟೆಲ್ಲ ಮಾಡಿ ಓಡಿಸಿದ್ರೆ ರೀಡಿಂಗ್ 105. ಬರೀ ಮೂರು ಡಿಗ್ರಿ ಕಮ್ಮಿ! ಚಿಕ್ಕಪ್ಪ ಏನೂ ಅನ್ನಲಿಲ್ಲ, ಅದೇ ನಮಗೆ ಜಾಸ್ತಿ ಕಷ್ಟ ಆಯ್ತು. ಎರಡು ದಿನ ಗಾಡಿ ನಿಂತು, ಗೊಬ್ಬರ ಶೆಡ್‌ನಲ್ಲೇ ಉಳೀತು.

ಆಗಿದ್ದೇನು ಅಂದ್ರೆ, ಗೇರ್‌ಬಾಕ್ಸ್‌ನಿಂದ ಹೊರಗೆ ಬರೋ ಪೈಪು, ವಾಪಸ್ ಹೋಗೋ ಪೈಪು ಯಾವುದು ಅಂತ ನೋಡದೆ ಅಂದಾಜಲ್ಲಿ ಕತ್ತರಿಸಿದ್ವಿ. ಆಯಿಲ್ ಮೊದಲು ನಮ್ಮ ಕೂಲರ್‌ನಲ್ಲಿ ತಣ್ಣಗಾಗಿ, ಆಮೇಲೆ ರೇಡಿಯೇಟರ್‌ಗೆ ಹೋಗಿ ಮತ್ತೆ ಬಿಸಿಯಾಗಿ ಬರ್ತಿತ್ತು. ಸರಿಯಾದ ಕ್ರಮ: ಗೇರ್‌ಬಾಕ್ಸ್, ರೇಡಿಯೇಟರ್, ಹೊಸ ಕೂಲರ್, ವಾಪಸ್ ಗೇರ್‌ಬಾಕ್ಸ್. ಗುರುತಿಸೋದು ಸುಲಭ. ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡಿ, ಮೊದಲು ಬಿಸಿಯಾಗೋ ಪೈಪು ಹೊರಗೆ ಬರೋದು. ಪೈಪ್ ಬದಲಿಸಿದ ಮೇಲೆ ಅದೇ ಏರಲ್ಲಿ, ಅದೇ ಲೋಡಲ್ಲಿ 93.

ನೀವು ಮಾಡೋದಾದರೆ

ಹೊಸ ಕೂಲರ್, ಪೈಪ್ ತುಂಬೋಕೆ ಹೆಚ್ಚಿನ ಆಯಿಲ್ ಬೇಕು, ಮ್ಯಾನ್ಯುವಲ್‌ನಲ್ಲಿ ಹೇಳಿದಂತೆ ಲೆವೆಲ್ ನೋಡಿ. ನೂರು ಕಿಲೋಮೀಟರ್ ಆದ ಮೇಲೆ ಕ್ಲ್ಯಾಂಪ್‌ಗಳ ಹತ್ರ ಒದ್ದೆ ಇದೆಯಾ ಪರೀಕ್ಷಿಸಿ. ಕೆಸರು ಕೂತರೆ ಕೂಲರ್ ಇದ್ದೂ ಇಲ್ಲದಂಗೆ, ತೊಳೀತಾ ಇರಿ. ಚಳಿ ಜಾಗದಲ್ಲಿ ಅತಿ ತಣ್ಣಗಾದ ಆಯಿಲ್ ದಪ್ಪ ಆಗುತ್ತೆ, ಅದಕ್ಕೆ ಥರ್ಮೋಸ್ಟ್ಯಾಟ್ ಇರೋದು ಒಳ್ಳೇದು. ಗಾಡಿ ವಾರಂಟಿಯಲ್ಲಿದ್ದರೆ ಮೊದಲು ವಿಚಾರಿಸಿ. ದಾರಿಯಲ್ಲಿ ಲೈಟ್ ಬಂದ್ರೆ ಸಮತಟ್ಟಾದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡೋಕೆ ಬಿಡಿ. ಆಫ್ ಮಾಡಿದ್ರೆ ಆಯಿಲ್ ಪಂಪ್ ಕೂಡ ನಿಲ್ಲುತ್ತೆ.

ಚಿಕ್ಕಪ್ಪ ಈಗ ಸ್ಕ್ಯಾನರ್ ವಾಪಸ್ ಕೊಡ್ತಿಲ್ಲ. ಏರು ಬಂದಾಗಲೆಲ್ಲ ಅವರೇ ಫೋರ್ ಲೋ ಹಾಕಿ ನಂಬರ್ ನೋಡ್ತಾರಂತೆ.