ರದ್ದಿಗೆ ಹಾಕುವ ಮುಂಚೆ

ಸಮ್ಮೇಳನ ಅಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಹಾರ, ಭಾಷಣ, ವಂದನಾರ್ಪಣೆ. ಧಾರ್ಮಿಕ ಲೈಬ್ರರಿ, ದಫ್ತರ ನೋಡಿಕೊಳ್ಳುವವರೂ ಸಮ್ಮೇಳನ ಮಾಡುತ್ತಾರೆಂದು ಓದಿದಾಗ ನನಗೆ ನಗು ಬಂತು. ಅವರಿಗೇನಪ್ಪ ಮಾತಾಡೋದಿರುತ್ತೆ?

ಅಮೆರಿಕನ್ ಥಿಯಲಾಜಿಕಲ್ ಲೈಬ್ರರಿ ಅಸೋಸಿಯೇಷನ್ ಅಂತ ಒಂದು ಸಂಘ. ಈಗ ಆಟ್ಲಾ ಅಂತಲೇ ಕರೆಯುತ್ತಾರೆ. ಇದರ ಮೊದಲ ಸಮ್ಮೇಳನ 1947ರಲ್ಲಿ, ಲೂಯಿವಿಲ್ ಊರಿನಲ್ಲಿ. ಪಾದ್ರಿಗಳನ್ನು ತಯಾರು ಮಾಡುವ ಸಣ್ಣ ಕಾಲೇಜಿನಲ್ಲಿ ಲೈಬ್ರರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ತಮ್ಮ ಕೆಲಸದ ಕಷ್ಟ ತಿಳಿಯುವವರು ಅಕ್ಕಪಕ್ಕ ಯಾರೂ ಇಲ್ಲ. ಸಮ್ಮೇಳನಕ್ಕೆ ಹೋದರೆ ಸಿಗುತ್ತಾರೆ. ಪಂಥ ಬೇರೆ ಬೇರೆ, ಆದರೆ ಒಂದು ಕಷ್ಟ ಎಲ್ಲರಿಗೂ ಒಂದೇ. ಅದು ಕಾಗದ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಳಕೆಗೆ ಬಂತು. ಮಸಿ ಹರಡಬಾರದೆಂದು ಅದಕ್ಕೆ ರಾಳದ ಜೊತೆ ಪಟಿಕ ಸೇರಿಸುತ್ತಿದ್ದರು. ಅದರಿಂದ ಕಾಗದದೊಳಗೇ ಆಮ್ಲ ಹುಟ್ಟುತ್ತದೆ. ಹಾಳೆ ಹಳದಿಯಾಗಿ, ಮಡಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಗೆದ್ದಲೇ ಬೇಕಾಗಿಲ್ಲ! ಎಲ್ಲವನ್ನೂ ಉಳಿಸಲು ಒಂದು ಲೈಬ್ರರಿಗೆ ದುಡ್ಡೆಲ್ಲಿ? ಅದಕ್ಕೇ ಇವರು ಕೂಡಿ ಮೈಕ್ರೋಫಿಲ್ಮ್ ತೆಗೆಸಿದರು. ಧಾರ್ಮಿಕ ಪತ್ರಿಕೆಗಳ ಲೇಖನಗಳಿಗೆ ಒಂದೇ ಸೂಚಿ ಮಾಡಿದರು. ನಮ್ಮ ಕಾಮರ್ಸಿನ ಮಾತಲ್ಲಿ ಹೇಳುವುದಾದರೆ, ಖರ್ಚು ಹಂಚಿಕೊಂಡರು.

ಇದು ನಮಗೆ ದೂರದ ಮಾತಲ್ಲ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಆ ಮಿಷನ್ನಿನ ಕಾಗದಪತ್ರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಪಾನವಾಗಿದೆ. ನಮ್ಮ ಕರಾವಳಿಯ ಚರಿತ್ರೆ ಬರೆಯುವವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ನಾವೇನು ಮಾಡಿದ್ದೇವೆ? ಹೋದ ದೀಪಾವಳಿಯ ಸಫಾಯಿಯಲ್ಲಿ ಇಲ್ಲಿ ನಮ್ಮ ಭಜನಾ ಮಂಡಳಿಯ ಹಳೆ ಜಮಾಖರ್ಚಿನ ಪುಸ್ತಕಗಳು ರದ್ದಿಗೆ ಹೋದವು. ತೂಕ ಮಾಡಿಸಿದವನು ನಾನೇ. ಆಮೇಲೆ ಅಜ್ಜ ಹೇಳಿದರು, "ಹೋಟೆಲಲ್ಲಿ ಕಪ್ಪು ತೊಳೀತಿದ್ದಾಗ ನಾನು ಕೊಟ್ಟ ನಾಲ್ಕಾಣೆ ವಂತಿಗೆ ಅದರಲ್ಲಿ ಬರೆದಿತ್ತಲ್ಲೋ!" ಊರು ಬಿಟ್ಟು ಮುಂಬಯಿಗೆ ಬಂದವರ ಹೆಸರುಗಳೆಲ್ಲ ಅಲ್ಲಿದ್ದವು. ಇನ್ನೊಂದು ಪ್ರತಿ ಇಲ್ಲ.

ನಮಗೆ ಸಮ್ಮೇಳನ ಮಾಡುವ ಶಕ್ತಿ ಇಲ್ಲದಿರಬಹುದು. ತುಕ್ಕು ಹಿಡಿಯುವ ಪಿನ್ನು ತೆಗೆಯಬಹುದು, ಮಳೆಗಾಲದಲ್ಲಿ ಕಟ್ಟುಗಳನ್ನು ನೆಲದಿಂದ ಎತ್ತಿಡಬಹುದು, ಯಾವ ವರ್ಷದ್ದು ಏನಿದೆ ಅಂತ ಪಟ್ಟಿ ಮಾಡಬಹುದು, ಪುಟಗಳ ಫೋಟೋ ತೆಗೆದಿಡಬಹುದು. ನಿಮ್ಮ ಮಂಡಳಿಯ ಕಪಾಟಿನಲ್ಲಿ ಹಳೆ ಪುಸ್ತಕ ಇದ್ದರೆ ದಯವಿಟ್ಟು ನಮ್ಮ ಸಾಹಿತ್ಯ ವೃಂದಕ್ಕೆ ತಿಳಿಸಿ. ಪಟ್ಟಿ ಬರೆಯಲು ಭಾನುವಾರ ನಾನು ಬರುತ್ತೇನೆ.