ಎಂಜಿನ್ನಿನ ಕೆಂಪು ದೀಪ

ಎತ್ತಿನ ಗಾಡಿಯ ಅಡಿಯಲ್ಲಿ ಬಿದಿರಿನ ಗೊಟ್ಟವೊಂದು ತೂಗಾಡುತ್ತಿದ್ದ ಕಾಲವಿತ್ತು. ಅದರಲ್ಲಿರುತ್ತಿದ್ದುದು ಕೀಲೆಣ್ಣೆ. ಗಾಲಿ ಕಿರುಗುಟ್ಟಿದೊಡನೆ ಗಾಡಿಯವನು ಇಳಿದು, ಕಡಾಣಿಯನ್ನು ಕಿತ್ತು, ಅಚ್ಚಿಗೆ ಕೀಲೆಣ್ಣೆಯನ್ನು ಸವರಿ ಮುಂದೆ ಸಾಗುತ್ತಿದ್ದನು. ಎಣ್ಣೆ ಒಣಗಿದುದನ್ನು ಗಾಲಿಯೇ ಕೂಗಿ ಹೇಳುತ್ತಿತ್ತು. ಮೋಟಾರು ಕಾರಿನ ಎಂಜಿನ್ನಿನ ರೀತಿ ಹಾಗಲ್ಲ; ಅದು ನೋವನ್ನು ಕೂಗಿ ಹೇಳುವ ಹೊತ್ತಿಗೆ ಚಿಕಿತ್ಸೆಯ ಕಾಲ ಬಹುಮಟ್ಟಿಗೆ ಮೀರಿರುತ್ತದೆ. ಆದುದರಿಂದಲೇ ಚಾಲಕನ ಕಣ್ಣೆದುರಿಗೆ ಎಣ್ಣೆಯ ಗಿಂಡಿಯ ಚಿತ್ರವುಳ್ಳ ಕೆಂಪು ದೀಪವೊಂದನ್ನು ಇರಿಸಿದ್ದಾರೆ. ಆ ದೀಪವನ್ನು ಬೆಳಗಿಸುವುದು ಎಣ್ಣೆಯ ಒತ್ತಡದ ಸಂವೇದಕ. ಹೆಬ್ಬೆರಳ ಗಾತ್ರದ ಈ ಉಪಕರಣವು ಕೆಟ್ಟರೆ ಮನೆಯ ಅಂಗಳದಲ್ಲಿಯೇ ಅದನ್ನು ಬದಲಾಯಿಸಬಹುದು. ಆದರೆ ಕೆಟ್ಟಿರುವುದು ಸಂವೇದಕವೋ ಎಂಜಿನ್ನೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ನಿಂತಿರುವ ಕಾರಿನ ಎಂಜಿನ್ನು ಚಾಲನೆಯಲ್ಲಿರುವಾಗ ಅದರ ಒಳಗಿನ ಮುಖ್ಯ ದಂಡವು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ರಸ್ತೆಯ ಮೇಲೆ ಓಡುವಾಗ 3000 ಸುತ್ತನ್ನೂ ಮೀರುತ್ತದೆ. ದಂಡಕ್ಕೂ ಅದನ್ನು ಹಿಡಿದಿರುವ ಬೇರಿಂಗಿಗೂ ನಡುವೆ ಇರುವ ಎಡೆ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಆ ಎಡೆಯಲ್ಲಿ ಎಣ್ಣೆಯಿರುವುದರಿಂದ ಲೋಹಕ್ಕೆ ಲೋಹ ತಗಲುವುದಿಲ್ಲ. ಈ ತೆಳುಪದರಕ್ಕೆ ಎಷ್ಟು ಬಲವಿದೆಯೆಂಬುದು ಆಕಸ್ಮಿಕವಾಗಿ ಬೆಳಕಿಗೆ ಬಂದಿತು. ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರನು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಬೇರಿಂಗಿನ ನೆತ್ತಿಯಲ್ಲಿ ಕೊರೆದಿದ್ದ ರಂಧ್ರದಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಅವನು ಬಿರಡೆಯನ್ನು ತುರುಕಿದನು. ಮರದ ಬೆಣೆಯನ್ನು ಬಡಿದನು. ಎಣ್ಣೆಯು ಎರಡನ್ನೂ ಹೊರಕ್ಕೆ ನೂಕಿತು. ಅಲ್ಲಿ ಒತ್ತಡಮಾಪಕವನ್ನು ಜೋಡಿಸಿದಾಗ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನು ಮೀರಿ ಹೋಯಿತು. 1883ರಲ್ಲಿ ಟವರನು ಇದನ್ನು ವರದಿ ಮಾಡಿದನು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿಯು ಇದರ ಗಣಿತವನ್ನು ಬಿಡಿಸಿ ತೋರಿಸಿದನು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಬೆಣೆಯಂತೆ ಎಡೆಯೊಳಕ್ಕೆ ಎಳೆದುಕೊಂಡು, ಭಾರವನ್ನೆಲ್ಲ ಆ ಪದರದ ಮೇಲೆ ಹೊರಿಸುತ್ತದೆ.

ಎಳೆದುಕೊಳ್ಳಲು ಎಣ್ಣೆಯಂತೂ ಇರಬೇಕಷ್ಟೆ. ಕಾರಿನಲ್ಲಿ ಅದನ್ನು ಒಂದೇ ಸಮನೆ ಒದಗಿಸುವುದು ಪಂಪಿನ ಕೆಲಸ. ಪಂಪಿನಿಂದ ಹೊರಟ ಎಣ್ಣೆಯ ಹಾದಿಯಲ್ಲಿ ಒತ್ತಡವಿದೆಯೇ ಎಂದು ಕಾಯುವುದು ಸಂವೇದಕದ ಕೆಲಸ. ಪೂರೈಕೆ ನಿಂತರೆ ಪದರ ಹರಿದು, ಲೋಹ ಕಾದು, ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಬಿಗಿದುಕೊಳ್ಳಬಹುದು.

1983ರಲ್ಲಿ ನಮ್ಮ ರಸ್ತೆಗೆ ಇಳಿದ ಮಾರುತಿ 800ರಂತಹ ಕಾರುಗಳಲ್ಲಿರುವುದು ಅತ್ಯಂತ ಸರಳವಾದ ಸಂವೇದಕ. ಅದರೊಳಗೆ ಒಂದು ತೆಳುಪೊರೆ, ಒಂದು ಸ್ಪ್ರಿಂಗು, ಒಂದು ವಿದ್ಯುತ್ ಸಂಪರ್ಕ. ಎಂಜಿನ್ನು ನಿಂತಿರುವಾಗ ಸ್ಪ್ರಿಂಗು ಸಂಪರ್ಕವನ್ನು ಕೂಡಿಸಿರುತ್ತದೆ. ಕೀಲಿಯನ್ನು ತಿರುಗಿಸಿದರೆ ದೀಪ ಉರಿಯುತ್ತದೆ. ಎಂಜಿನ್ನು ಹೊರಟು ಒತ್ತಡವೇರಿದಾಗ ಎಣ್ಣೆಯು ಪೊರೆಯನ್ನು ನೂಕಿ ಸಂಪರ್ಕವನ್ನು ಬಿಡಿಸುತ್ತದೆ, ದೀಪ ಆರುತ್ತದೆ. ಸಾಮಾನ್ಯವಾಗಿ ವಾಯುಮಂಡಲದ ಒತ್ತಡದ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟಿದ್ದರೆ ಇದಕ್ಕೆ ಸಾಕು. ಕೀಲಿ ತಿರುಗಿಸಿದಾಗ ದೀಪ ಉರಿಯದಿದ್ದರೆ ಅದು ಸಂತೋಷಪಡಬೇಕಾದ ಸಂಗತಿಯಲ್ಲವೆಂಬುದನ್ನು ಗಮನಿಸಿರಿ. ಕಾವಲುಗಾರನೇ ಮಲಗಿದ್ದಾನೆಂದು ಅರ್ಥ.

ಓಡುವಾಗ ದೀಪ ಹೊತ್ತಿದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸುವುದೇ ಮೊದಲ ಕರ್ತವ್ಯ. ಕೆಲವು ನಿಮಿಷಗಳ ಬಳಿಕ ಅಳತೆಕಡ್ಡಿಯನ್ನು ಎಳೆದು ಎಣ್ಣೆಯ ಮಟ್ಟವನ್ನು ನೋಡಬೇಕು. ಮಟ್ಟ ಸರಿಯಿದ್ದರೂ ಒತ್ತಡವಿದೆಯೆಂದು ಹೇಳಲಾಗದು. ಪಂಪು ಸವೆದಿರಬಹುದು, ಜಾಲರಿ ಕಟ್ಟಿಕೊಂಡಿರಬಹುದು. ನಿಶ್ಚಿತವಾದ ಪರೀಕ್ಷೆಯೆಂದರೆ, ಸಂವೇದಕವನ್ನು ಬಿಚ್ಚಿ ಅದೇ ರಂಧ್ರಕ್ಕೆ ಒತ್ತಡಮಾಪಕವನ್ನು ತಿರುಗಿಸಿ, ಎಂಜಿನ್ನನ್ನು ನಡೆಸಿ ನೋಡುವುದು. ಟವರನು ಮಾಡಿದುದೂ ಇದನ್ನೇ. ಮಾಪಕದಲ್ಲಿ ತಕ್ಕಷ್ಟು ಒತ್ತಡ ಕಂಡರೆ ಸಂವೇದಕದ ತಂತಿಯನ್ನು ಕಳಚಿ, ಅದು ಎಲ್ಲಿಯೂ ಲೋಹಕ್ಕೆ ತಾಗದಂತಿರಿಸಿ ಕೀಲಿಯನ್ನು ತಿರುಗಿಸಬೇಕು. ಆಗಲೂ ದೀಪ ಉರಿದರೆ ದೋಷ ತಂತಿಯಲ್ಲಿದೆ. ಆರಿದರೆ ಸುಳ್ಳು ಹೇಳಿದುದು ಸಂವೇದಕವೇ. ಕೆಲವರು ದೀಪದ ಕಾಟ ತಾಳಲಾರದೆ ತಂತಿಯನ್ನು ಕಳಚಿ ಹಾಗೆಯೇ ಬಿಟ್ಟುಬಿಡುತ್ತಾರೆ. ಬೆಂಕಿ ಬಿದ್ದಿದೆಯೆಂದು ಕೂಗುವವನ ಬಾಯಿಗೆ ಬಟ್ಟೆ ತುರುಕುವ ಜಾಣತನವದು!

ಬದಲಾಯಿಸುವ ಕೆಲಸವೇನೂ ದೊಡ್ಡದಲ್ಲ. ಆದರೂ ಬಲ್ಲ ಹಿರಿಯರೊಬ್ಬರು ಜೊತೆಗಿರಬೇಕು. ಕಾರು ಸಮನೆಲದ ಮೇಲೆ ನಿಂತು, ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಕಾದ ಎಣ್ಣೆ ಚರ್ಮವನ್ನು ಸುಡುತ್ತದೆ. ಬರಿಯ ಜಾಕಿನ ಆಧಾರದಲ್ಲಿರುವ ಕಾರಿನ ಕೆಳಗೆ ಯಾರೂ ತೂರಬಾರದು. ಬ್ಯಾಟರಿಯ ಋಣಧ್ರುವದ ತಂತಿಯನ್ನು ಮೊದಲು ಬಿಚ್ಚಬೇಕು. ಸಂವೇದಕವು ಅನೇಕ ಕಾರುಗಳಲ್ಲಿ ಎಣ್ಣೆಯ ಶೋಧಕದ ಆಸುಪಾಸಿನಲ್ಲಿರುತ್ತದೆ. ಸುತ್ತಲಿನ ಮಣ್ಣನ್ನು ಒರೆಸಿ, ಅಡಿಯಲ್ಲಿ ಒಂದು ತಟ್ಟೆಯನ್ನಿಟ್ಟು, ಆಳವಾದ ಸಾಕೆಟ್ ಪಾನಾದಿಂದ ಎಡಕ್ಕೆ ತಿರುಗಿಸಿದರೆ ಅದು ಸಡಿಲುತ್ತದೆ; ಕೊಂಚ ಎಣ್ಣೆ ಸೋರುವುದು ಸಹಜ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ತಿರುಪಿನ ಅಳತೆ ಒಂದೇ ಎಂದು ನೋಡಿಕೊಳ್ಳಬೇಕು.

ಹೊಸದರ ಮೊದಲ ಸುತ್ತುಗಳನ್ನು ಬೆರಳುಗಳಿಂದಲೇ ತಿರುಗಿಸಬೇಕು. ತಿರುಪು ಓರೆಯಾದರೆ ಬೆರಳಿಗೆ ತಿಳಿಯುತ್ತದೆ, ಪಾನಾಕ್ಕೆ ತಿಳಿಯುವುದಿಲ್ಲ. ಕೊನೆಯ ಬಿಗಿತವೂ ಮಿತವಾಗಿರಬೇಕು. ಸುತ್ತಣ ಲೋಹ ಅಲ್ಯೂಮಿನಿಯಮ್ ಆಗಿದ್ದರೆ ಮರೆಗಳು ಸುಲಭವಾಗಿ ಕಿತ್ತುಹೋಗುತ್ತವೆ. ನಲ್ಲಿಗೆ ಸುತ್ತುವಂತೆ ಇದಕ್ಕೂ ಟೇಪನ್ನು ದಪ್ಪವಾಗಿ ಸುತ್ತುವ ಅಭ್ಯಾಸ ಕೆಲವರಿಗಿದೆ. ಒಂಟಿ ತಂತಿಯ ಸಂವೇದಕದಲ್ಲಿ ವಿದ್ಯುತ್ತು ಮರಳುವ ದಾರಿ ಆ ತಿರುಪಿನ ಲೋಹವೇ ಆಗಿರುವುದರಿಂದ ಟೇಪು ಆ ದಾರಿಯನ್ನು ಮುಚ್ಚಿ, ದೀಪ ಎಂದೂ ಹೊತ್ತದಂತೆ ಮಾಡಿಬಿಡಬಹುದು. ಇತ್ತೀಚಿನ ಅನೇಕ ಕಾರುಗಳಲ್ಲಿ ಮೂರು ತಂತಿಗಳ ಸಂವೇದಕಗಳಿವೆ. ಅವು ಒತ್ತಡದ ಪ್ರಮಾಣವನ್ನೇ ಗಣಕಕ್ಕೆ ತಿಳಿಸುತ್ತವೆ. ತಂತಿ ಕಳಚಿ ನೋಡುವ ಹಳೆಯ ಪರೀಕ್ಷೆ ಅವುಗಳಿಗೆ ಸಲ್ಲದು.

ತಂತಿಗಳನ್ನು ಮರಳಿ ಜೋಡಿಸಿ, ಬಯಲಿನಲ್ಲಿ ಎಂಜಿನ್ನನ್ನು ಚಾಲನೆ ಮಾಡಿದಾಗ ಕೆಲವೇ ಕ್ಷಣಗಳಲ್ಲಿ ದೀಪ ಆರಬೇಕು. ಆರದಿದ್ದರೆ ಎಂಜಿನ್ನನ್ನು ಒಡನೆ ನಿಲ್ಲಿಸಿ, ಕಾರನ್ನು ಎಳೆಸಿಕೊಂಡೇ ಕಾರ್ಖಾನೆಗೆ ಒಯ್ಯಬೇಕು. ಆರಿದರೆ, ಸೋರಿದಷ್ಟು ಎಣ್ಣೆಯನ್ನು ತುಂಬಿ, ಎರಡು ದಿನ ಓಡಿಸಿದ ಮೇಲೆ ಬಿಳಿಯ ಬಟ್ಟೆಯೊಂದರಿಂದ ಸಂವೇದಕದ ಬುಡವನ್ನು ಒರೆಸಿ ನೋಡಬೇಕು. ಬಟ್ಟೆಗೆ ಎಣ್ಣೆಯ ಕಲೆ ಹತ್ತಿದರೆ ಪಾನಾದಿಂದ ಇನ್ನೊಂದಿಷ್ಟು ಬಿಗಿಮಾಡಿದರಾಯಿತು.