ಟರ್ಬೊ ಕಾರಿಗೆ ಎಂಥ ಕ್ಲಚ್?

ಹೊಗೇನಕಲ್ಲಿನಿಂದ ನಾಟ್ರಾಂಪಾಳ್ಯದ ಕಡೆಗೆ ಏರುವ ಕಾಡುರಸ್ತೆ. ನನ್ನ ಚಿಕ್ಕಪ್ಪನ ಮಗ ಗಾಡಿ ಓಡಿಸುತ್ತಿದ್ದ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಕೂಗಿಕೊಂಡಿತು, ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ ಹೋಯಿತು. ಕಾರಿನ ವೇಗ ಮಾತ್ರ ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಒಳಗೆ ಬಂತು. 1.3 ಲೀಟರಿನ ಟರ್ಬೊ ಡೀಸೆಲ್ ಕಾರು ಅದು; ಎರಡು ತಿಂಗಳ ಹಿಂದಷ್ಟೇ ರೀಮ್ಯಾಪ್, ಅಂದರೆ ಹೆಚ್ಚು ಬಲಕ್ಕಾಗಿ ಎಂಜಿನ್ನಿನ ಕಂಪ್ಯೂಟರ್ ತಂತ್ರಾಂಶದ ಬದಲಾವಣೆ, ಮಾಡಿಸಿದ್ದ. ಕಾರ್ಖಾನೆಯಿಂದ ಬಂದಾಗ ಎಂಜಿನ್ನಿನ ಟಾರ್ಕ್, ಅಂದರೆ ತಿರುಚುವ ಬಲ, 190 ನ್ಯೂಟನ್ ಮೀಟರ್ ಇತ್ತು. ಈಗ 250ರ ಹತ್ತಿರ. ಕ್ಲಚ್ ಹಳೆಯದೇ.

"ಅಣ್ಣ, ಸಿರಾಮಿಕ್ ಕ್ಲಚ್ ಹಾಕಿಸಿಬಿಡ್ತೀನಿ, ಇನ್ನು ಜಾರೋ ಮಾತೇ ಇರಲ್ಲ" ಅಂದ. ಒಂದು ವಾರ ತಡೆ ಅಂದೆ. ಆ ವಾರ ನಾವಿಬ್ಬರೂ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಜಿನ್ನಿಗೆ ಅಂಟಿಕೊಂಡು ತಿರುಗುವ ಫ್ಲೈವೀಲ್ ಒಂದು ಕಡೆ, ಪ್ರೆಷರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ಎರಡೂ ಮುಖಕ್ಕೆ ಲೈನಿಂಗ್ ಇರುವ ಕ್ಲಚ್ ಪ್ಲೇಟ್. ಪೆಡಲ್ ಬಿಟ್ಟಾಗ ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗ್ ಈ ಮೂರನ್ನೂ ಅದುಮಿ ಹಿಡಿಯುತ್ತದೆ. ಹಿಡಿತ ಎಷ್ಟು ಎಂಬುದು ನಾಲ್ಕೇ ಸಂಗತಿಗಳ ಗುಣಾಕಾರ: ಉಜ್ಜುವ ಮುಖಗಳು ಎಷ್ಟು, ಘರ್ಷಣೆಯ ಗುಣಾಂಕ ಎಷ್ಟು, ಅದುಮುವ ಬಲ ಎಷ್ಟು, ಲೈನಿಂಗಿನ ಸರಾಸರಿ ತ್ರಿಜ್ಯ ಎಷ್ಟು.

ಲೆಕ್ಕಕ್ಕೆ ಅಂಕಿಗಳನ್ನು ಹೀಗಿಟ್ಟುಕೊಳ್ಳಿ. ಮುಖ 2, ಗುಣಾಂಕ 0.3, ಬಲ 5000 ನ್ಯೂಟನ್ (ಸುಮಾರು ಐದು ಕ್ವಿಂಟಲ್ ಭಾರದಷ್ಟು), ತ್ರಿಜ್ಯ 9 ಸೆಂಟಿಮೀಟರ್. ಗುಣಿಸಿದರೆ 270 ನ್ಯೂಟನ್ ಮೀಟರ್. 190ರ ಎಂಜಿನ್ನಿಗೆ ಇದು ಧಾರಾಳ. 250ಕ್ಕೂ ಸಾಲುತ್ತದೆ ಅನ್ನಿಸುತ್ತದೆ, ಆದರೆ ಲೈನಿಂಗ್ ಕಾದು ಗುಣಾಂಕ 0.25ಕ್ಕೆ ಇಳಿದರೆ ಹಿಡಿತ 225ಕ್ಕೆ ಬಿತ್ತು. ಮನೆಯ ಮುಂದೆ ಚೆನ್ನಾಗಿದ್ದ ಕ್ಲಚ್ ಏರಿನ ನಡುವೆ ಕೈಕೊಡುವುದು ಹೀಗೆ. ಜಾರಿದಷ್ಟೂ ಕಾಯುತ್ತದೆ, ಕಾದಷ್ಟೂ ಜಾರುತ್ತದೆ.

ಇಲ್ಲಿ ಹಲವರು ಎಡವುವುದು ಕುದುರೆಶಕ್ತಿಯ ಅಂಕಿಯನ್ನು ನೋಡಿ ಕ್ಲಚ್ ಆರಿಸುವುದರಲ್ಲಿ. 6000 ಸುತ್ತಿನಲ್ಲಿ 100 ಕುದುರೆಶಕ್ತಿ ಕೊಡುವ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಆ ಹೊತ್ತಿಗೆ ಇರುವುದು 120ರ ಒಳಗೆ. 75 ಕುದುರೆಶಕ್ತಿಯ ಟರ್ಬೊ ಡೀಸೆಲ್ 2000 ಸುತ್ತಿನಲ್ಲೇ 190 ಕೊಡುತ್ತದೆ. ಕ್ಲಚ್ಚಿಗೆ ತಾಗುವುದು ಟಾರ್ಕ್ ಮಾತ್ರ. ಟರ್ಬೊ ಗಾಳಿ ತುಂಬುವುದು ಕಡಿಮೆ ಸುತ್ತುಗಳಲ್ಲೇ ಆದ್ದರಿಂದ ದೊಡ್ಡ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿದ್ದಾಗ ಒಮ್ಮೆಗೇ ಆಕ್ಸಿಲರೇಟರ್ ಒತ್ತಿದರೆ ಕ್ಲಚ್ಚಿನ ಸೋಲು ಮೊದಲು ಅಲ್ಲಿ ಕಾಣುತ್ತದೆ.

ಹಾಗಾದರೆ ಹಿಡಿತ ಹೆಚ್ಚಿಸುವುದು ಹೇಗೆ? ಒಂದು ದಾರಿ, ಮೊದಲಿನ ಥರದ್ದೇ ಲೈನಿಂಗ್ ಉಳಿಸಿಕೊಂಡು ಪ್ರೆಷರ್ ಪ್ಲೇಟನ್ನು ಬಿಗಿ ಮಾಡುವುದು. ಬಲ 6500 ನ್ಯೂಟನ್ ಆದರೆ ಹಿಡಿತ 351. ಇನ್ನೊಂದು ದಾರಿ, ಪ್ರೆಷರ್ ಪ್ಲೇಟ್ ಹಾಗೇ ಇದ್ದು ಸಿರಾಮಿಕ್ ಬಿಲ್ಲೆಗಳ ಪ್ಲೇಟ್ ಹಾಕುವುದು. ಗುಣಾಂಕ 0.4 ಆದರೆ ಹಿಡಿತ 360. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ರಸ್ತೆಯಲ್ಲಿ ಅವು ಬೇರೆ ಬೇರೆ ಕಾರುಗಳು.

ಯಾಕೆಂದರೆ ಹಿಡಿಯುವಷ್ಟೇ ಜಾರುವುದೂ ಕ್ಲಚ್ಚಿನ ಕೆಲಸ. ನಿಂತ ಕಾರು ಹೊರಡುವಾಗ ಎಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಆ ವ್ಯತ್ಯಾಸವನ್ನು ಲೈನಿಂಗ್ ಉಜ್ಜಿಕೊಂಡೇ ತುಂಬಬೇಕು. ಮಾಮೂಲಿ ಕಾರಿನಲ್ಲಿ ಬಳಸುವ ಲೈನಿಂಗ್ ಅಂದರೆ ಗಾಜಿನ ನಾರು, ತಾಮ್ರದ ಎಳೆ, ರಾಳ ಸೇರಿಸಿ ಒತ್ತಿದ ವಸ್ತು. ಅದು ಜಾರುತ್ತಿರುವಾಗಲೂ ನಿಂತಾಗಲೂ ಸುಮಾರು ಒಂದೇ ಘರ್ಷಣೆ ಕೊಡುತ್ತದೆ. ಸಿರಾಮಿಕ್ ಬಿಲ್ಲೆಗಳಲ್ಲಿ ವೇಗ ತಗ್ಗಿದಂತೆ ಘರ್ಷಣೆ ಏರುವ ಗುಣ ಹೆಚ್ಚು. ಹಿಡಿದು, ಬಿಟ್ಟು, ಮತ್ತೆ ಹಿಡಿದು ಕಾರು ಗಡಗಡ ನಡುಗುತ್ತದೆ. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟುವುದೂ ಇದೇ ಕಾರಣಕ್ಕೆ. ಪೂರ್ತಿ ಹಿಡಿದು ಪೂರ್ತಿ ಬಿಡುವ ರೇಸ್ ಕಾರಿಗೆ ಅದು ಸರಿ. ನಾಟ್ರಾಂಪಾಳ್ಯದಿಂದ ಅಂಚೆಟ್ಟಿ, ಡೆಂಕಣಿಕೋಟೆ, ಹೊಸೂರು ದಾಟಿ ಅತ್ತಿಬೆಲೆಯ ಸಾಲಿನಲ್ಲಿ ಇಂಚಿಂಚು ತೆವಳುತ್ತ ಬೆಂಗಳೂರಿಗೆ ಹೋಗುವ ಕಾರಿಗೆ ಅಲ್ಲ.

ಶಾಖದ ಲೆಕ್ಕವನ್ನೂ ನೋಡಿ. ಜನ ತುಂಬಿ 1300 ಕಿಲೋ ತೂಗುವ ಕಾರು ಸಮತಟ್ಟು ನೆಲದಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗದವರೆಗೆ ಕ್ಲಚ್ ಜಾರಿಸಿ ಹೊರಟರೆ, ಕಾರಿಗೆ ಸಿಗುವ ಚಲನಶಕ್ತಿ ಸುಮಾರು 7200 ಜೂಲ್. ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಇಳಿಜಾರಿನಲ್ಲಿ ಅದೇ ಕಾರನ್ನು ಬ್ರೇಕ್ ಇಲ್ಲದೆ ಹಾಫ್ ಕ್ಲಚ್ಚಿನಲ್ಲೇ ನಿಲ್ಲಿಸಿಕೊಂಡರೆ, 1500 ಸುತ್ತಿನಲ್ಲಿ ಸೆಕೆಂಡಿಗೆ 4000 ಜೂಲಿಗೂ ಹೆಚ್ಚು. ಬಚ್ಚಲುಮನೆಯ 2 ಕಿಲೋವಾಟ್ ಗೀಸರ್ ಎರಡನ್ನು ಒಟ್ಟಿಗೆ ಹಚ್ಚಿ ಆ ಸಣ್ಣ ತಟ್ಟೆಗೆ ಜೋಡಿಸಿದಂತೆ. ಹತ್ತೇ ಸೆಕೆಂಡಿನಲ್ಲಿ ಆರು ಸಲ ಹೊರಟಷ್ಟು ಶಾಖ! ರಸ್ತೆಗೆ ಆನೆ ಬಂದು ಏರಿನಲ್ಲಿ ಕಾಯಬೇಕಾದಾಗ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ಲಿಗೆ ಬನ್ನಿ ಎಂದು ಹಿರಿಯ ಡ್ರೈವರುಗಳು ಹೇಳುವುದರ ಹಿಂದೆ ಈ ಗಣಿತವಿದೆ.

ಬಿಗಿ ಪ್ರೆಷರ್ ಪ್ಲೇಟಿಗೂ ಬೆಲೆ ತೆರಬೇಕು. ಬಲ ಶೇಕಡ 30 ಏರಿದರೆ ಪೆಡಲ್ ಕೂಡ ಸುಮಾರು ಅಷ್ಟೇ ಗಟ್ಟಿಯಾಗುತ್ತದೆ. ಎಡಗಾಲು ನೋಯುತ್ತದೆ, ರಿಲೀಸ್ ಬೇರಿಂಗ್ ಮತ್ತು ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿನ ಮೇಲೆ ಒತ್ತಡ ಹೆಚ್ಚುತ್ತದೆ. ಆದ್ದರಿಂದ 600 ನ್ಯೂಟನ್ ಮೀಟರ್ ತಡೆಯುವ ಕ್ಲಚ್ ಅಗ್ಗಕ್ಕೆ ಸಿಕ್ಕರೂ 250ರ ಎಂಜಿನ್ನಿಗೆ ಬೇಡ. ನಿಜವಾದ ಟಾರ್ಕಿನ ಒಂದೂಕಾಲು, ಒಂದೂವರೆ ಪಟ್ಟು ಸಾಕು. ರೀಮ್ಯಾಪ್ ಮಾಡಿದವರು ಬಾಯಲ್ಲಿ ಹೇಳಿದ ಟಾರ್ಕ್ ನಂಬುವ ಬದಲು ಟಾರ್ಕ್ ಅಳೆಯುವ ಡೈನೊ ಯಂತ್ರದ ಮೇಲೆ ಅಳೆಸಿದ ಚೀಟಿ ಕೇಳಿ. ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ ಎಂಬುದೂ ನೆನಪಿರಲಿ.

ಕೆಲವು ಡೀಸೆಲ್ ಕಾರುಗಳಲ್ಲಿ ಫ್ಲೈವೀಲೇ ಎರಡು ತುಂಡು, ನಡುವೆ ಸ್ಪ್ರಿಂಗ್. ಎಂಜಿನ್ನಿನ ಮಿಡಿತ ಗೇರ್ ಬಾಕ್ಸಿಗೆ ತಾಗದಂತೆ ಅದು ನುಂಗಿಕೊಳ್ಳುತ್ತದೆ. ಜರ್ಮನಿಯ ಲೂಕ್ ಕಂಪನಿ ಇದನ್ನು 1985ರಲ್ಲಿ ಕಾರುಗಳಿಗೆ ತಂದಿತು. ಅದೇ ಲೂಕ್ ನಮ್ಮ ಹೊಸೂರಿನಲ್ಲಿ ಕ್ಲಚ್ ತಯಾರಿಸುತ್ತ ಬಂದಿದೆ. ಅದರ ಭಾರತದ ಘಟಕ 2018ರಲ್ಲಿ ಷೆಫ್ಲರ್ ಇಂಡಿಯಾ ಕಂಪನಿಯೊಳಗೆ ಸೇರಿತು. ಖರ್ಚು ಉಳಿಸಲು ಅಂಥ ಫ್ಲೈವೀಲ್ ತೆಗೆದು ಒಂದೇ ತುಂಡಿನದನ್ನು ಹಾಕಿದರೆ ಗೇರ್ ಬಾಕ್ಸ್ ಗಲಗಲ ಅನ್ನುತ್ತದೆ. ಹಾಕಲೇಬೇಕಾದರೆ ನಡುವೆ ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟನ್ನೇ ಆರಿಸಬೇಕು.

ತಮ್ಮ ಕೊನೆಗೆ ಮೊದಲಿನ ಥರದ್ದೇ ಲೈನಿಂಗ್, ಕಾಲುಭಾಗ ಬಿಗಿಯಾದ ಪ್ರೆಷರ್ ಪ್ಲೇಟ್ ಹಾಕಿಸಿದ. ಗೇರ್ ಬಾಕ್ಸ್ ಇಳಿಸಿದ್ದಾಗಲೇ ರಿಲೀಸ್ ಬೇರಿಂಗ್ ಬದಲಿಸಿ, ಫ್ಲೈವೀಲ್ ಮುಖ ಮಟ್ಟ ಮಾಡಿಸಿ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ಹೊಸದು ಹಾಕಿಸಿದೆವು. ಒಂದು ತೊಟ್ಟು ಎಣ್ಣೆ ಲೈನಿಂಗಿಗೆ ತಾಗಿದರೂ ಮಾಡಿದ ಲೆಕ್ಕವೆಲ್ಲ ನೀರಿಗೆ. ಹೊಸ ಲೈನಿಂಗ್ ಫ್ಲೈವೀಲಿಗೆ ಪೂರ್ತಿ ಕೂಡಿಕೊಳ್ಳಲು ಮೊದಲ 800 ಕಿಲೋಮೀಟರ್ ಟರ್ಬೊ ಪೂರ್ತಿ ತುಂಬದಂತೆ ಓಡಿಸಬೇಕಿತ್ತು. ಓಡಾಟವೆಲ್ಲ ಅಂಚೆಟ್ಟಿ, ಡೆಂಕಣಿಕೋಟೆ ನಡುವೆಯೇ ಇಟ್ಟುಕೊಂಡ, ಕಿಲೋಮೀಟರನ್ನು ದಿನಾ ಬರೆದಿಟ್ಟ. ಆಮೇಲೊಂದು ಬೆಳಗ್ಗೆ ಇಬ್ಬರೂ ಹೊಗೇನಕಲ್ಲಿಗೆ ಇಳಿದು ತಿರುಗಿ ಬಂದೆವು. ಅದೇ ಏರು, ನಾಲ್ಕನೇ ಗೇರು. ಆರ್‌ಪಿಎಂ ಮುಳ್ಳೂ ವೇಗದ ಮುಳ್ಳೂ ಒಟ್ಟಿಗೇ ಏರಿದವು.